ಹಳೇ ಯಂತ್ರಕ್ಕೆ ಹೊಸ ಕರ್ನಲ್

ಕಂಪ್ಯೂಟರಿನ ಸಹವಾಸದಿಂದ ನಿನಗೆ ಸಿಕ್ಕ ದೊಡ್ಡ ಸುಖ ಯಾವುದು ಎಂದು ಯಾರಾದರೂ ಕೇಳಿದರೆ, ಹಳೆಯ ಯಂತ್ರಕ್ಕೆ ಕರ್ನಲ್ ಹೊಂದಿಸುವುದು ಎಂದು ತಡವರಿಸದೆ ಹೇಳುತ್ತೇನೆ. ಹಾಸನ–ಬೇಲೂರು ರಸ್ತೆಯಿಂದ ಹಳೇಬೀಡಿನ ದಾರಿ ಕವಲೊಡೆಯುವ ಊರು ನಮ್ಮ ಹಗರೆ. ಹಗಲೆಲ್ಲ ಪ್ರವಾಸಿಗಳ ಗಾಡಿ, ಆಲೂಗಡ್ಡೆ, ಜೋಳ, ಶುಂಠಿಯ ಲೋಡು. ರಾತ್ರಿ ಊಟವಾದ ಮೇಲೆ ರಸ್ತೆ ತಣ್ಣಗಾಗುತ್ತದೆ. ಆಗ ನನ್ನ ಕೋಣೆಯಲ್ಲಿ ಕೆಲಸ ಶುರು. ಮೇಜಿನ ಮೇಲೆ ಇಂಟೆಲ್ 486 ಡಿಎಕ್ಸ್2 ಇದೆ. ವೇಗ 66 ಮೆಗಾಹರ್ಟ್ಸ್, ಮೆಮೊರಿ 32 ಎಂಬಿ. ಪಕ್ಕದಲ್ಲಿ 9 ಸೂಜಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಈ ಬಗೆಯ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಅದರ ಮೇಲೆ 2024ರ ನವೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 6.12 ಓಡುತ್ತದೆ. ಈ ಎರಡು ಇಸವಿಗಳನ್ನು ಒಂದೇ ಪೆಟ್ಟಿಗೆಯೊಳಗೆ ಸೇರಿಸುವ ಕಸುಬು ನನಗೆ ಎಂದೂ ಬೇಸರ ತಂದಿಲ್ಲ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ನಾವು ಒತ್ತಿದ ಕೀಲಿ ಯಾವುದೆಂದು ತಿಳಿಯುವುದು, ಡಿಸ್ಕಿನಿಂದ ಓದುವುದು, ಮೆಮೊರಿ ಹಂಚುವುದು, ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಬೇಕೆಂದು ತೀರ್ಮಾನಿಸುವುದು ಎಲ್ಲವೂ ಅದರ ಪಾಲಿನ ಕೆಲಸ. ಲಿನಕ್ಸ್ ಕರ್ನಲ್ ಹುಟ್ಟಿದ್ದು 1991ರಲ್ಲಿ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ 386 ಯಂತ್ರಕ್ಕೆಂದು ಬರೆದದ್ದು ಇಂದು ಕಿಸೆಯ ಫೋನಿನಿಂದ ಸೂಪರ್ ಕಂಪ್ಯೂಟರಿನವರೆಗೆ ಎಲ್ಲ ಕಡೆ ಇದೆ. ಹೊಸ ಲ್ಯಾಪ್‌ಟಾಪ್ ಕೊಂಡವರು ಅದರ ಬಗ್ಗೆ ಯೋಚಿಸಬೇಕಾಗಿಯೇ ಇಲ್ಲ, ಎಲ್ಲ ಯಂತ್ರಕ್ಕೂ ಒಗ್ಗುವಂತೆ ಸಾವಿರಾರು ಡ್ರೈವರ್ ತುಂಬಿದ ಸಿದ್ಧ ಕರ್ನಲ್ ಸಿಗುತ್ತದೆ. ಹಳೆಯ ಯಂತ್ರಕ್ಕೆ ಆ ಸೌಕರ್ಯ ತಪ್ಪಿಹೋಗಿದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ 2017ರಲ್ಲೇ 32 ಬಿಟ್ ಪಿಸಿಗಳಲ್ಲಿ 686 ವರ್ಗಕ್ಕಿಂತ ಹಳೆಯ ಪ್ರೊಸೆಸರುಗಳನ್ನು ಕೈಬಿಟ್ಟಿತು. 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಆದರೆ ಕರ್ನಲ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. 6.12ರ ಕೋಡಿನೊಳಗೆ 486ಕ್ಕೆ ಬೇಕಾದ್ದೆಲ್ಲ ಹಾಗೇ ಇದೆ. ಅದನ್ನು ಆರಿಸಿ ಕಟ್ಟಿಕೊಳ್ಳುವ ತಾಳ್ಮೆಯಷ್ಟೇ ನಮ್ಮದಾಗಬೇಕು.

ಆರಿಸುವುದಕ್ಕೆ ಮೆನುಕಾನ್ಫಿಗ್ ಎಂಬ ಸಾಧನವಿದೆ. ನೀಲಿ ಹಿನ್ನೆಲೆಯ ಮೇಲೆ ಬೂದು ಚೌಕ, ಅದರೊಳಗೆ ಪಟ್ಟಿ, ಪಟ್ಟಿಯೊಳಗೆ ಇನ್ನೊಂದು ಪಟ್ಟಿ. ಪ್ರತಿ ಸಾಲಿನಲ್ಲೂ ಒಂದೇ ಪ್ರಶ್ನೆ: ಇದು ಬೇಕೋ, ಬೇಡವೋ? ಮೊದಲು 64 ಬಿಟ್ ತೆಗೆಯುತ್ತೇನೆ. ನನ್ನ ಯಂತ್ರಕ್ಕೆ ಒಂದೇ ಪ್ರೊಸೆಸರ್, ಆದ್ದರಿಂದ ಹಲವು ಪ್ರೊಸೆಸರುಗಳನ್ನು ನಿಭಾಯಿಸುವ ಭಾಗವೂ ಹೋಗುತ್ತದೆ. ಪ್ರೊಸೆಸರ್ ಪಟ್ಟಿಯಲ್ಲಿ 486 ಆರಿಸುತ್ತೇನೆ. ಡಿಎಕ್ಸ್ ಚಿಪ್ಪಿನೊಳಗೇ ಗಣಿತದ ಘಟಕವಿದೆ. ಎಸ್‌ಎಕ್ಸ್ ಆಗಿದ್ದರೆ ಆ ಘಟಕ ಇರುವುದಿಲ್ಲ, ದಶಮಾಂಶದ ಲೆಕ್ಕವನ್ನೆಲ್ಲ ಕರ್ನಲ್ಲೇ ಮಾಡಿಕೊಡುವ ಆಯ್ಕೆಯನ್ನು ಸೇರಿಸಬೇಕಾಗುತ್ತದೆ. ನನ್ನ ಬೋರ್ಡಿನಲ್ಲಿ ಪಿಸಿಐ ಸ್ಲಾಟ್ ಇಲ್ಲ. ಪಿಸಿಐ ಬೇಡ ಎಂದೊಡನೆ ಅದನ್ನು ನಂಬಿಕೊಂಡಿದ್ದ ಕವಲುಗಳೆಲ್ಲ ಮೆನುವಿನಿಂದ ಮಾಯವಾಗುತ್ತವೆ. ಯುಎಸ್‌ಬಿ, ವೈಫೈ, ಬ್ಲೂಟೂತ್‌ಗಳಿಗೂ ನಾನೇ ಬೇಡ ಎನ್ನುತ್ತೇನೆ. ಉಳಿದ ಪಟ್ಟಿ ಕಡೆಗೆ ನನ್ನ ಮೇಜಿನ ಮೇಲಿರುವ ವಸ್ತುಗಳ ಪಟ್ಟಿಯೇ ಆಗುತ್ತದೆ. ಆ ಗಳಿಗೆಯಲ್ಲಿ ಮನಸ್ಸಿಗೆ ಬರುವ ನಿರಾಳ ಇನ್ನಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ.

ಪ್ರತಿ ಆಯ್ಕೆಗೂ ಸಹಾಯದ ಟಿಪ್ಪಣಿ ಇದೆ. ಅವನ್ನು ಓದುವುದೇ ಒಂದು ಹವ್ಯಾಸ. ಬಹಳಷ್ಟು ಟಿಪ್ಪಣಿಗಳು ಖಾತ್ರಿಯಿಲ್ಲದಿದ್ದರೆ ಬೇಡ ಎನ್ನಿ ಎಂಬ ಬುದ್ಧಿಮಾತಿನಿಂದ ಮುಗಿಯುತ್ತವೆ. ಬೇಕು ಎಂದಾಗ ಇನ್ನೊಂದು ಬಗೆಯ ಎಚ್ಚರ ಬೇಕು, ಏಕೆಂದರೆ ಒಂದು ಆಯ್ಕೆ ಇನ್ನೊಂದರ ಮೇಲೆ ನಿಂತಿರುತ್ತದೆ. ಪ್ರಿಂಟರ್ ಬೇಕಾದರೆ ಮೊದಲು ಪ್ಯಾರಲಲ್ ಪೋರ್ಟ್ ಬೇಕು, ಆಮೇಲೆ ಪಿಸಿ ಮಾದರಿಯ ಪೋರ್ಟ್, ಅದರ ಮೇಲೆ ಪ್ರಿಂಟರ್ ಡ್ರೈವರ್. ಹಳೆಯ ಐಡಿಇ ಡಿಸ್ಕಿನ ಡ್ರೈವರ್ 2021ರ 5.14ರಲ್ಲಿ ಹೋಗಿಬಿಟ್ಟಿದೆ, ಈಗ ಡಿಸ್ಕನ್ನು ಲಿಬ್‌ಎಟಿಎ ಎಂಬ ಹೊಸ ಪದರದ ಮೂಲಕ ಕಾಣಬೇಕು. ಎಚ್‌ಡಿಎ ಎಂದಿದ್ದ ಡಿಸ್ಕಿನ ಹೆಸರು ಎಸ್‌ಡಿಎ ಆಗುತ್ತದೆ. ಇದನ್ನೆಲ್ಲ ತಿಳಿದುಕೊಳ್ಳುವ ದಾರಿಯಲ್ಲೇ ಯಂತ್ರದ ಒಳಗು ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಪ್ರೀತಿ ಐಎಸ್‌ಎ ಎಂಬ ಹಳೆಯ ಸ್ಲಾಟಿನ ಕಾರ್ಡುಗಳ ಮೇಲೆ. ಇಂದಿನ ಕಾರ್ಡುಗಳು ತಾವು ಯಾರು, ತಮಗೇನು ಬೇಕು ಎಂದು ತಾವೇ ಹೇಳಿಕೊಳ್ಳುತ್ತವೆ. ಐಎಸ್‌ಎ ಕಾಲದ ಕಾರ್ಡು ಬಾಯಿ ಬಿಡುವುದಿಲ್ಲ. ಯಾವ ವಿಳಾಸದಲ್ಲಿ ಮಾತಾಡಿಸಬೇಕು, ಗಮನ ಸೆಳೆಯಲು ಅದು ಯಾವ ಇಂಟರಪ್ಟ್ ಗೆರೆಯನ್ನು ಬಳಸುತ್ತದೆ ಎಂಬುದನ್ನು ಪುಟ್ಟ ಜಂಪರುಗಳನ್ನು ಕೈಯಾರೆ ಕೂರಿಸಿ ನಿಗದಿ ಮಾಡಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ತಂದ ನನ್ನ ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡಿಗೆ ಕೈಪಿಡಿ ಇರಲಿಲ್ಲ. ಭೂತಗನ್ನಡಿ ಹಿಡಿದು ಹಲಗೆಯ ಮೇಲಿನ ಸಣ್ಣಕ್ಷರ ಓದಿ, ವಿಳಾಸ 300ಕ್ಕೂ ಇಂಟರಪ್ಟ್ 10ಕ್ಕೂ ಕೂರಿಸಿದೆ. ಅದೇ ಸಂಖ್ಯೆಗಳನ್ನು ಕರ್ನಲ್ಲಿಗೂ ಹೇಳಿಕೊಡಬೇಕು. ಹೇಳದೆ ಬಿಟ್ಟರೆ ಕರ್ನಲ್ ಒಂದೊಂದೇ ವಿಳಾಸವನ್ನು ತಟ್ಟಿ ನೋಡುತ್ತ ಹೋಗುತ್ತದೆ. ಅಲ್ಲಿ ಬೇರೆ ಕಾರ್ಡಿದ್ದರೆ ಯಂತ್ರವೇ ನಿಂತುಬಿಡಬಹುದು. ಮನುಷ್ಯನ ಬೆರಳು ಕೂರಿಸಿದ ಸಂಖ್ಯೆಯೂ ಕರ್ನಲ್ ನಂಬಿದ ಸಂಖ್ಯೆಯೂ ಒಂದೇ ಆದಾಗ ಮಾತ್ರ ಆ ಕಾರ್ಡು ಉಸಿರಾಡುತ್ತದೆ.

ಕಟ್ಟುವ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮಾಡುತ್ತೇನೆ. 486ರ ಮೇಲೆಯೇ ಕಟ್ಟಹೊರಟರೆ ದಿನಗಟ್ಟಲೆ ಹಿಡಿದೀತು. ಸಿದ್ಧವಾದ ಕರ್ನಲ್ಲನ್ನು, ಜೊತೆಗೆ ಬ್ಯುಸಿಬಾಕ್ಸ್ ಎಂಬ ಪುಟ್ಟ ಸಲಕರಣೆಗಳ ಕಟ್ಟನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಬರೆದು, ಐಡಿಇ ಅಡಾಪ್ಟರಿನಲ್ಲಿ ಸಿಕ್ಕಿಸುತ್ತೇನೆ. ಪಂಪ್‌ಸೆಟ್ಟುಗಳು ಓಡುವ ಹೊತ್ತು ವೋಲ್ಟೇಜ್ ಇಳಿಯುವುದರಿಂದ ಸ್ಟೆಬಿಲೈಸರ್ ಇಲ್ಲದೆ ಸ್ವಿಚ್ ಒತ್ತುವುದಿಲ್ಲ. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಒಂದೊಂದಾಗಿ ಮೂಡುತ್ತವೆ. ಹೊಸ ಯಂತ್ರದಲ್ಲಿ ಅವು ಕಣ್ಣಿಗೆ ಸಿಗದಂತೆ ಹಾರಿಹೋಗುತ್ತವೆ, 486ರಲ್ಲಿ ಓದಲು ಬಿಡುವು ಕೊಡುತ್ತವೆ. ಮೆಮೊರಿ ಎಷ್ಟಿದೆ ಎಂಬ ಲೆಕ್ಕ. ಕಾಯುವ ಸುತ್ತಿನ ವೇಗ ಅಳೆದು ಹೇಳುವ ಬೋಗೋಮಿಪ್ಸ್ ಸಂಖ್ಯೆ, ಈ ಚಿಪ್ಪಿಗೆ ಅದು 33ರ ಆಸುಪಾಸು. ಆಮೇಲೆ ಡಿಸ್ಕು, ಆಮೇಲೆ ಪ್ಯಾರಲಲ್ ಪೋರ್ಟು. ಕೊನೆಗೆ ವಿಳಾಸ 300ರಲ್ಲಿ ನೆಟ್‌ವರ್ಕ್ ಕಾರ್ಡ್ ಸಿಕ್ಕಿತೆಂಬ ಸಾಲು. ನಾನು ಬೇಕು ಎಂದ ಒಂದೊಂದಕ್ಕೂ ಒಂದೊಂದು ಸಾಲಿನ ಉತ್ತರ ಬರುತ್ತದೆ. ಕೇಳದ್ದಕ್ಕೆ ಒಂದು ಸಾಲೂ ಇಲ್ಲ.

ಕರ್ನಲ್ ಹಳೆಯ ಯಂತ್ರಗಳ ಗುಣವನ್ನಷ್ಟೇ ನೆನಪಿಟ್ಟಿಲ್ಲ, ಅವುಗಳ ಊನಗಳನ್ನೂ ಬಲ್ಲದು. 1994ರಲ್ಲಿ ಪೆಂಟಿಯಂ ಚಿಪ್ಪು ಕೆಲವು ಭಾಗಾಕಾರಗಳಿಗೆ ತಪ್ಪು ಉತ್ತರ ಕೊಡುವುದನ್ನು ಅಮೆರಿಕದ ಗಣಿತಜ್ಞ ಥಾಮಸ್ ನೈಸ್ಲಿ ಜಗತ್ತಿಗೆ ತಿಳಿಸಿದರು. ಲಿನಕ್ಸ್ ಕರ್ನಲ್ ಏಳುವಾಗಲೇ ಒಂದು ಭಾಗಾಕಾರ ಮಾಡಿಸಿ ಆ ದೋಷ ಇದೆಯೇ ಎಂದು ಪರೀಕ್ಷಿಸುವುದನ್ನು ಕಲಿತಿತು. 1997ರಲ್ಲಿ ಅದೇ ಚಿಪ್ಪನ್ನು ಒಂದೇ ಒಂದು ಅಡ್ಡಾದಿಡ್ಡಿ ಆದೇಶದಿಂದ ಸ್ತಬ್ಧಗೊಳಿಸಬಹುದೆಂದು ಗೊತ್ತಾಯಿತು. ಅದಕ್ಕೂ ಕರ್ನಲ್‌ನೊಳಗೆ ಪರಿಹಾರ ಬಂತು. ಪೆಂಟಿಯಂ ಯಂತ್ರಕ್ಕೆ ಕರ್ನಲ್ ಹೊಂದಿಸುವವರು ಇಂದಿಗೂ ಆ ಪರಿಹಾರವನ್ನು ಜೊತೆಗೆ ಪಡೆಯುತ್ತಾರೆ. ಊನ ಅರಿತು ನಡೆಸಿಕೊಳ್ಳುವ ಈ ಗುಣಕ್ಕಾಗಿ ನನಗೆ ಕರ್ನಲ್ ಮೇಲೆ ಗೌರವ ಹೆಚ್ಚು.

ಎನ್‌ಇ2000 ಡ್ರೈವರಿನ ಕಡತ ತೆರೆದರೆ ಮೇಲ್ಗಡೆಯೇ ಒಂದು ಹೆಸರಿದೆ: ಡೊನಾಲ್ಡ್ ಬೆಕರ್. 1992ರಿಂದ 94ರ ನಡುವೆ ಬರೆದದ್ದು ಎಂದು ಇಸವಿಯೂ ಇದೆ. ಇವರು 1994ರಲ್ಲಿ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಜೊತೆ ಸೇರಿ, 486 ಜಾತಿಯದೇ ಆದ 16 ಡಿಎಕ್ಸ್4 ಯಂತ್ರಗಳನ್ನು ಈಥರ್‌ನೆಟ್ ತಂತಿಯಿಂದ ಬೆಸೆದು ಬೆವುಲ್ಫ್ ಎಂಬ ಅಗ್ಗದ ಸೂಪರ್ ಕಂಪ್ಯೂಟರ್ ಕಟ್ಟಿದವರು. ಕಡತದಲ್ಲಿ ಬೆಕರ್ ಹೆಸರು ಕಂಡಾಗೆಲ್ಲ ನನಗೆ ನಮ್ಮ ಬೇಲೂರು ನೆನಪಾಗುತ್ತದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಇದು ನನ್ನ ಕೈಕೆಲಸ, ಇದರ ಹೊಣೆ ನನ್ನದು ಎಂದು ಹೇಳಿಕೊಳ್ಳುವ ಧೈರ್ಯ ಅದು. ಕರ್ನಲ್ ಕಡತಗಳಲ್ಲಿಯೂ ಅದೇ ಧೈರ್ಯ ಕಾಣುತ್ತದೆ.

ಹೊಣೆ ಹೊರುವವರು ಇಲ್ಲವಾದರೆ ಏನಾಗುತ್ತದೆ ಎನ್ನುವುದೂ ಅಲ್ಲೇ ಬರೆದಿದೆ. ಕರ್ನಲ್‌ನ ಪ್ರತಿ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ದೊಡ್ಡ ಪಟ್ಟಿಯೊಂದಿದೆ. 2019ರಲ್ಲಿ ಫ್ಲಾಪಿ ಡ್ರೈವರಿನ ಮುಂದೆ ಅನಾಥ ಎಂಬ ಷರಾ ಬಿತ್ತು. ನೋಡಿಕೊಳ್ಳುತ್ತಿದ್ದವರ ಬಳಿ ಪರೀಕ್ಷಿಸಲು ಫ್ಲಾಪಿ ಯಂತ್ರಾಂಶವೇ ಉಳಿದಿರಲಿಲ್ಲ. ಆಮೇಲೆ ಇನ್ನೊಬ್ಬರು ಮುಂದೆ ಬಂದು ಹೊಣೆ ಹೊತ್ತರು, ಡ್ರೈವರ್ ಉಳಿಯಿತು. 386ಕ್ಕೆ ಆ ಭಾಗ್ಯ ಸಿಗಲಿಲ್ಲ. ಕಾಂಪೇರ್-ಎಕ್ಸ್‌ಚೇಂಜ್ ಮುಂತಾದ ಕೆಲವು ಆದೇಶಗಳು 486ರಿಂದಾಚೆಗೆ ಮಾತ್ರ ಇದ್ದವು. 386ಕ್ಕಾಗಿ ಬೇರೆ ದಾರಿ ಉಳಿಸಿಕೊಳ್ಳುವುದು ಕರ್ನಲ್ ಬರೆಯುವವರಿಗೆ ಭಾರವಾಗುತ್ತ ಹೋಯಿತು. 2012ರ ಡಿಸೆಂಬರಿನಲ್ಲಿ ಅದನ್ನು ತೆಗೆದರು. 2013ರ 3.8ರಿಂದ ಲಿನಕ್ಸ್ ತಾನು ಹುಟ್ಟಿದ ಚಿಪ್ಪಿನ ಮೇಲೆಯೇ ಓಡುವುದಿಲ್ಲ. ತೆಗೆದವರನ್ನು ನಾನು ದೂರುವುದಿಲ್ಲ. ಬಳಸುವವರು, ಪರೀಕ್ಷಿಸುವವರು, ಕೆಟ್ಟಾಗ ತಿಳಿಸುವವರು ಇರುವ ತನಕವೇ ಯಾವ ಯಂತ್ರಕ್ಕಾದರೂ ಬಾಳು.

ನನ್ನ 486ರ ಬಾಳಿಗೆ ನಾನು ಕೊಟ್ಟಿರುವ ಕೆಲಸ ಕನ್ನಡ ಅಚ್ಚು ಮಾಡುವುದು. ಅದರ ಪರದೆಯಲ್ಲಿ ಕನ್ನಡ ಮೂಡಿಸುವುದು ಕಷ್ಟ. ವಿಜಿಎ ಅಕ್ಷರ ಪರದೆಗೆ ಒಮ್ಮೆಗೆ 256, ಹೆಚ್ಚೆಂದರೆ 512 ಆಕಾರಗಳು ಮಾತ್ರ ಗೊತ್ತು, ಎಲ್ಲವೂ ಒಂದೇ ಅಗಲದ ಚೌಕದೊಳಗೆ ಕೂರಬೇಕು. ಕಾಗುಣಿತಕ್ಕೂ ಒತ್ತಕ್ಷರಕ್ಕೂ ಅಲ್ಲಿ ಜಾಗ ಸಾಲದು. ಪ್ರಿಂಟರ್ ಹಾಗಲ್ಲ. ಅದಕ್ಕೆ ಅಕ್ಷರ ಎಂದು ಹೇಳದೆ ಚುಕ್ಕಿಗಳೆಂದು ಹೇಳಿದರೆ ಯಾವ ಲಿಪಿಯಾದರೂ ಸರಿ. ಸಾಲಿನ ಅಂತರ ತಗ್ಗಿಸಿ, 8 ಚುಕ್ಕಿ ಎತ್ತರದ ಪಟ್ಟಿಯಂತೆ ಮೂರು ಸಲ ತಲೆ ಓಡಿಸಿದರೆ 24 ಚುಕ್ಕಿ ಎತ್ತರ ಸಿಗುತ್ತದೆ. ಮೇಲಿನ ಗುಡಿಸು, ನಡುವಿನ ಮೈ, ಕೆಳಗಿನ ಒತ್ತು ಮೂರಕ್ಕೂ ಸ್ಥಳವಾಗುತ್ತದೆ. ಸೂಜಿಗಳು ಕರಕರ ಎನ್ನುತ್ತ ಮೂರನೆಯ ಓಟ ಮುಗಿಸಿದಾಗ, ಅಲ್ಲಿಯವರೆಗೆ ಅರ್ಥವಾಗದ ಗೀಟುಗಳಂತಿದ್ದದ್ದು ಒಮ್ಮೆಲೇ ಹೊಯ್ಸಳ ಎಂಬ ಪದವಾಗುತ್ತದೆ. ಅಕ್ಕಪಕ್ಕದ ಹುಡುಗರು ಅದನ್ನು ನೋಡಲೆಂದೇ ಬರುತ್ತಾರೆ. ಒಂದೊಂದು ಚುಕ್ಕಿಯೂ ಕರ್ನಲ್ ದಾಟಿ, ಪೋರ್ಟ್ ದಾಟಿ, ಸೂಜಿಗೆ ತಲುಪುವ ದಾರಿಯನ್ನು ಅವರಿಗೆ ತೋರಿಸಿಕೊಡಬಹುದು. ಹೊಸ ಯಂತ್ರದಲ್ಲಿ ಆ ದಾರಿ ಇಷ್ಟು ಸರಳವಾಗಿ ಕಾಣುವುದಿಲ್ಲ.

ಈ ಕೆಲಸ ಮಾಡುತ್ತ ನನ್ನನ್ನು ಕಾಡುವ ಒಂದು ಕೊರತೆ ಇದೆ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬುದಿತ್ತು. ಪಿಸಿಯ ಸ್ಲಾಟಿನಲ್ಲಿ ಕೂರಿಸಿದರೆ ಡಾಸ್ ಮೇಲೆಯೇ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಪರದೆಯಲ್ಲಿ ಮೂಡುತ್ತಿದ್ದವು.  ಬರಹ, ನುಡಿ ತಂತ್ರಾಂಶಗಳು ಬರುವ ಮೊದಲೇ ಒಂದು ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡವನ್ನು ಆ ಕಾರ್ಡಿನಿಂದ ಕಂಡಿತು. ಕರ್ನಲ್‌ನ ಮೆನುವಿನಲ್ಲಿ ಜಗತ್ತಿನ ಯಾವ ಯಾವುದೋ ಮೂಲೆಯ ಕಾರ್ಡುಗಳ ಹೆಸರುಗಳಿವೆ, ಇದರ ಹೆಸರಿಲ್ಲ. ಡ್ರೈವರ್ ಬರೆಯಲು ಇಬ್ಬರು ಬೇಕು: ಕಾರ್ಡನ್ನು ಕಾದಿಟ್ಟುಕೊಂಡವರೊಬ್ಬರು, ಅದರ ವಿಳಾಸ, ಜಂಪರ್, ನಡತೆಗಳನ್ನು ಬರೆದಿಟ್ಟವರೊಬ್ಬರು. ಇಬ್ಬರೂ ಇಲ್ಲದ ಕಡೆ ಎಷ್ಟು ಜಾಣ ಪ್ರೋಗ್ರಾಮರ್ ಇದ್ದರೂ ಕೈಕಟ್ಟಿ ಕೂರಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲೋ, ಹಳೆಯ ಡಿಟಿಪಿ ಅಂಗಡಿಯ ಮೂಲೆಯಲ್ಲೋ, ಶಾಲೆಯ ಬೀರುವಿನಲ್ಲೋ ತೊಂಬತ್ತರ ದಶಕದ ಕಂಪ್ಯೂಟರ್ ಇದ್ದರೆ ಗುಜರಿಯವನಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಒಳಗಿನ ಕಾರ್ಡುಗಳ ಎರಡೂ ಬದಿಯ ಫೋಟೊ ತೆಗೆಯಿರಿ, ಜಂಪರುಗಳು ಯಾವ ಸ್ಥಾನದಲ್ಲಿವೆ ಎಂದು ಬರೆದುಕೊಳ್ಳಿ, ಕೈಪಿಡಿ ಸಿಕ್ಕರೆ ಒಂದು ಪುಟವನ್ನೂ ಬಿಸಾಡಬೇಡಿ. ಕನ್ನಡ ಮೂಡಿಸುತ್ತಿದ್ದ ಕಾರ್ಡೇ ಸಿಕ್ಕರೆ ಅದನ್ನು ಜೋಪಾನ ಮಾಡಿ, ಬಲ್ಲವರ ಕೈಗೆ ಒಪ್ಪಿಸಿ. ಮಿಕ್ಕ ಕೆಲಸಕ್ಕೆ ನಮ್ಮಂಥವರು ಇದ್ದೇವೆ.