ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೋ ನಗರಕ್ಕೂ ಎಷ್ಟು ದೂರ?

ಮಕ್ಕಳನ್ನು ಅಮೆರಿಕೆಗೆ ಕಳುಹಿಸಿರುವ ತಾಯಿತಂದೆಗಳಲ್ಲಿ ಈ ಪ್ರಶ್ನೆಯನ್ನು ನಾವು ಹಲವು ಸಲ ಕೇಳಿರುವೆವು. ನೇರವಾಗಿ ಅಳೆದರೆ ಈ ದೂರವು ಸುಮಾರು 14,000 ಕಿಲೋಮೀಟರು. ಭೂಪಟವನ್ನು ನೋಡಿದವರಿಗೆ ಹಾದಿಯು ಪೂರ್ವದ ಮಹಾಸಾಗರವನ್ನು ದಾಟಿಯೇ ಹೋಗುವುದೆಂದು ತೋರುವುದು. ಆದರೆ ಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಹಿಡಿದು ನೋಡಿರಿ. ಅದು ಉತ್ತರಕ್ಕೆ ಸರಿದು ಸೈಬೀರಿಯದ ಹಿಮಪ್ರದೇಶವನ್ನು ಹಾಯುವುದು.

2021ರ ಜನವರಿಯಲ್ಲಿ ಜೋಯಾ ಅಗರ್ವಾಲ್ ಎಂಬಾಕೆಯ ನಾಯಕತ್ವದಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಅಲ್ಲಿಂದ ಹೊರಟು, ಉತ್ತರಧ್ರುವದ ಮೇಲೆ ಹಾದು, ನಡುವೆ ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು. 9ನೆಯ ತಾರೀಖಿನ ರಾತ್ರಿ ಹೊರಟುದು ಇಲ್ಲಿ ಇಳಿದುದು 11ರ ಬೆಳಗಿನ ಜಾವಕ್ಕೆ! ಚಳಿಗಾಲದಲ್ಲಿ ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುವುದೇ ಇದಕ್ಕೆ ಕಾರಣ. ನಾವು ಸಂಜೆಯ ದೀಪ ಹಚ್ಚುವಾಗ ಅಲ್ಲಿ ಅಂದಿನ ಕೋಳಿ ಕೂಗುವ ಹೊತ್ತು.

ಮನೆಯಲ್ಲಿ ಹಿರಿಯರಿಗೆ ಕಾಯಿಲೆಯೆಂದು ಸುದ್ದಿ ಹೋದರೆ ಅದು ಕ್ಷಣದಲ್ಲಿ ಮುಟ್ಟುವುದು. ಆದರೆ ಆ ರಾತ್ರಿಯೇ ಹೊರಟ ಮಗನೂ ಮೂರನೆಯ ತಾರೀಖಿಗೇ ನಮ್ಮ ಬಾಗಿಲಿಗೆ ಬರಬಲ್ಲನು. ಆದುದರಿಂದ ಗೃಹಸ್ಥರು ಈ ದೂರವನ್ನು ಕಿಲೋಮೀಟರಿನಿಂದಲ್ಲ, ಪಂಚಾಂಗದಿಂದ ಅಳೆಯುವುದೇ ಲೇಸು.