ಪಫಿನ್ ಹಕ್ಕಿಯ ನಾಲ್ಕು ತಿಂಗಳ ನೆಲೆ

ವರ್ಷದ ಹನ್ನೆರಡು ತಿಂಗಳುಗಳಲ್ಲಿ ಸುಮಾರು ಎಂಟನ್ನು ನಡುಗಡಲಿನಲ್ಲಿಯೇ ಕಳೆದು, ಮರಿಮಾಡುವ ಕಾಲಕ್ಕೆ ಮಾತ್ರ ನೆಲವನ್ನು ಮುಟ್ಟುವ ಹಕ್ಕಿಯೊಂದುಂಟು. ಅದೇ ಪಫಿನ್. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ. ನಮ್ಮ ಕಡಲಿಗೆ ಅದು ಬಾರದಿರುವುದರಿಂದ ಹೆಸರಿಡುವ ಪ್ರಸಂಗವೂ ಒದಗಿಲ್ಲ. ಆದರೂ ಚಿತ್ರದಲ್ಲಿ ಅದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದವರು 1940ರಲ್ಲಿ ಮಕ್ಕಳಿಗಾಗಿ ಆರಂಭಿಸಿದ ಪುಸ್ತಕಮಾಲೆಗೆ ಈ ಹಕ್ಕಿಯ ಹೆಸರನ್ನೇ ಇಟ್ಟರು. ಮಕ್ಕಳ ಕಪಾಟಿನಲ್ಲಿ ಹುಡುಕಿದರೆ ಯಾವುದಾದರೊಂದು ಪುಸ್ತಕದ ಬೆನ್ನಿನ ಮೇಲೆ ಅದು ನಿಂತಿರುವುದು ಕಾಣಸಿಕ್ಕೀತು.

ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ವಿಲಾಯತಿಯಲ್ಲಿ ನೆಲಸಿದ್ದಾರೆ. ಅವರನ್ನು ಕಾಣಲೆಂದು ತಂದೆತಾಯಿಗಳು ಮೇ ತಿಂಗಳಿನಲ್ಲಿ ಹೊರಟು, ಇಲ್ಲಿ ಮಳೆ ಹಿಡಿದು ಕುಳಿತಿರುವಾಗ ಅಲ್ಲಿ ಎರಡು ಮೂರು ತಿಂಗಳಿದ್ದು ಬರುವುದು ರೂಢಿ. ಲಂಡನ್ನಿನ ಗಡಿಯಾರದ ಗೋಪುರವನ್ನೂ ಅರಮನೆಯ ಕಾವಲುಗಾರರನ್ನೂ ನೋಡಿ ಹಿಂದಿರುಗುತ್ತಾರೆ. ಅವರು ಅಲ್ಲಿರುವ ಕಾಲವೂ ಪಫಿನ್ ದಡದಲ್ಲಿರುವ ಕಾಲವೂ ಒಂದೇ ಆಗಿರುವಾಗ ಅದನ್ನು ಕಾಣದೆ ಬರುವುದು ನಷ್ಟವೆಂದು ತೋರಿದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವು ನೋಡಿದ್ದು ವೇಲ್ಸ್ ಪ್ರಾಂತದ ಪಶ್ಚಿಮದ ಅಂಚಿನಲ್ಲಿರುವ ಸ್ಕೋಮರ್ ಎಂಬ ದ್ವೀಪದಲ್ಲಿ. ಲಂಡನ್ನಿನಿಂದ ಹೇವರ್‌ಫರ್ಡ್‌ವೆಸ್ಟ್ ಎಂಬ ಊರಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ದಿನದ ದಾರಿ. ಅಲ್ಲಿಂದ ಮಾರ್ಟಿನ್ಸ್ ಹೇವನ್ ಎಂಬ ಪುಟ್ಟ ಕೊಲ್ಲಿಗೆ ಬಂದು ದೋಣಿ ಹತ್ತಬೇಕು. ದೋಣಿಯ ಪಯಣ ಕಾಲು ಗಂಟೆಯದು. ಆದರೆ ಆ ಕಾಲು ಗಂಟೆ ಗಾಳಿಯ ಕೃಪೆಯನ್ನು ಅವಲಂಬಿಸಿದೆ. ಉತ್ತರದ ಗಾಳಿ ಬೀಸಿದ ದಿನ ದ್ವೀಪದಲ್ಲಿ ದೋಣಿಯನ್ನು ಕಟ್ಟಲಾಗದು. ದೂರದಿಂದ ಬಂದವರೂ ಹಿಂದಿರುಗಬೇಕಾಗುತ್ತದೆ. ಸೋಮವಾರಗಳಲ್ಲಿ ಸಾಮಾನ್ಯವಾಗಿ ದೋಣಿಯಿಲ್ಲ. ದಿನವೊಂದಕ್ಕೆ ಇಳಿಯಬಹುದಾದ ಸಂದರ್ಶಕರ ಸಂಖ್ಯೆಗೂ ಮಿತಿಯುಂಟು. ಆದುದರಿಂದ ಚೀಟಿಯನ್ನು ಮುಂಚಿತವಾಗಿಯೇ ಕಾದಿರಿಸಿಕೊಂಡು, ಒಂದೆರಡು ದಿನಗಳನ್ನು ಕೈಯಲ್ಲಿಟ್ಟುಕೊಂಡು ಹೊರಡುವುದು ಜಾಣತನ.

ದೋಣಿಯಿಂದಿಳಿದೊಡನೆ ಬಂಡೆಗೆ ಒತ್ತಿ ಕಟ್ಟಿದ ಎಂಬತ್ತೇಳು ಮೆಟ್ಟಿಲುಗಳನ್ನು ಏರಬೇಕು. ಮಂಡಿನೋವಿನವರು ಇದನ್ನು ಮನಸ್ಸಿನಲ್ಲಿಡಬೇಕು. ದ್ವೀಪದಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ. ಬುತ್ತಿಯನ್ನೂ ನೀರನ್ನೂ ಕಟ್ಟಿಕೊಂಡೇ ಹೋಗಬೇಕು. ಮೇಲೇರಿದ ಮೇಲೆ ಕಾವಲಿನವರು ಎಲ್ಲರನ್ನೂ ನಿಲ್ಲಿಸಿ ಹೇಳುವ ಮುಖ್ಯ ಮಾತೆಂದರೆ, ಕಾಲುದಾರಿಯನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಬಾರದೆಂಬುದು. ಅದು ಬರಿಯ ಶಿಸ್ತಿನ ಮಾತಲ್ಲ. ಆ ಹುಲ್ಲುನೆಲದ ಅಡಿಯೆಲ್ಲ ಬಿಲಗಳ ಜಾಲ. ನಮ್ಮ ಹೊಳೆದಂಡೆಯ ಮಿಂಚುಳ್ಳಿಯಂತೆ ಪಫಿನ್ ಸಹ ಮಣ್ಣಿನಲ್ಲಿ ಬಿಲ ತೋಡಿ, ಇಲ್ಲವೆ ಮೊಲಗಳು ತೋಡಿದ ಬಿಲವನ್ನು ತನ್ನದಾಗಿಸಿಕೊಂಡು, ಅದರ ತುದಿಯಲ್ಲಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ಮನುಷ್ಯನ ಪಾದ ಬಿದ್ದರೆ ಮನೆಯೇ ಕುಸಿಯುತ್ತದೆ.

ಹಕ್ಕಿಯನ್ನು ಮೊದಲ ಸಲ ಕಂಡಾಗ ನಮಗಾದ ಆಶ್ಚರ್ಯ ಅದರ ಚಿಕ್ಕತನದ್ದು. ಚಿತ್ರಗಳನ್ನು ನೋಡಿ ಬಾತುಕೋಳಿಯಷ್ಟು ದೊಡ್ಡದಿರಬಹುದೆಂದು ಎಣಿಸಿದ್ದೆವು. ನೋಡಿದರೆ ಪಾರಿವಾಳದಷ್ಟೇ ಗಾತ್ರ, ಅರ್ಧ ಕಿಲೋಗಿಂತಲೂ ಕಡಿಮೆ ತೂಕ. ಕಪ್ಪು ಬೆನ್ನು, ಬಿಳಿ ಎದೆ, ಕಿತ್ತಳೆ ಬಣ್ಣದ ಕಾಲುಗಳು. ಮುಖಕ್ಕಂತೂ ಬಣ್ಣದ ವೇಷದವನ ಕಳೆ. ಆ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ. ಕೊಕ್ಕಿನ ಮೇಲಿನ ಬಣ್ಣದ ಹೊದಿಕೆ ಮರಿಮಾಡುವ ಕಾಲಕ್ಕೆ ಮಾತ್ರ ಬೆಳೆದು, ಆಮೇಲೆ ಕಳಚಿ ಬೀಳುತ್ತದೆ. ಚಳಿಗಾಲದಲ್ಲಿ ನಡುಗಡಲಲ್ಲಿರುವ ಪಫಿನ್ನಿನ ಮುಖ ಬೂದು, ಕೊಕ್ಕು ಸಣ್ಣದು. ವೇಷ ಕಳಚಿದ ಅದನ್ನು ಕಂಡರೆ ಬಹಳ ಮಂದಿಗೆ ಗುರುತೇ ಸಿಗಲಾರದು.

ದ್ವೀಪದ ದಕ್ಷಿಣದಲ್ಲಿ ವಿಕ್ ಎಂಬ ಕಡಿದಾದ ಕೊಲ್ಲಿಯಿದೆ. ಪಫಿನ್‌ಗಳನ್ನು ನೋಡಲು ಅದಕ್ಕಿಂತ ಒಳ್ಳೆಯ ಸ್ಥಳ ಆ ದ್ವೀಪದಲ್ಲಿಲ್ಲ. ನಾವು ದಾರಿಯ ಪಕ್ಕದಲ್ಲಿ ಸುಮ್ಮನೆ ಕುಳಿತೆವು. ಹಕ್ಕಿಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಂದು ನಮ್ಮ ಚೀಲದ ಪಕ್ಕದಲ್ಲೇ ತೂಗಾಡುತ್ತ ದಾರಿ ದಾಟಿತು. ಕಡಲಿನಿಂದ ಬರುವ ಹಕ್ಕಿ ನಿಮಿಷಕ್ಕೆ 400 ಸಲ ರೆಕ್ಕೆ ಬಡಿಯುತ್ತ ಗುಂಡಿನಂತೆ ಬಂದು ನೆಲಕ್ಕೆ ಬೀಳುತ್ತದೆ. ಅದನ್ನು ಇಳಿಯುವುದು ಎನ್ನಲಾಗದು. ಕೊಕ್ಕಿನಲ್ಲಿ ಬೆಳ್ಳಿಯ ಎಳೆಗಳಂತೆ ಹತ್ತಾರು ಪುಟ್ಟ ಮೀನುಗಳು ಅಡ್ಡಲಾಗಿ ಜೋತಿರುತ್ತವೆ. ಹಿಡಿದುದನ್ನು ಬಿಡದೆ ಮತ್ತೊಂದನ್ನು ಹೇಗೆ ಹಿಡಿಯುತ್ತದೆ? ಅದರ ನಾಲಿಗೆ ಒರಟು, ಅಂಗುಳಿನಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಮೊದಲ ಮೀನನ್ನು ನಾಲಿಗೆಯಿಂದ ಅಂಗುಳಿಗೆ ಒತ್ತಿಟ್ಟುಕೊಂಡು ಎರಡನೆಯದಕ್ಕೆ ಕೊಕ್ಕು ತೆರೆಯುತ್ತದೆ. ದಡದಲ್ಲಿ ಕಡಲಕ್ಕಿಗಳು ಈ ಬುತ್ತಿಯನ್ನು ಕಸಿಯಲು ಹೊಂಚುಹಾಕಿರುತ್ತವೆ. ಆದುದರಿಂದಲೇ ಪಫಿನ್ ನೆಲಕ್ಕೆ ಬಿದ್ದೊಡನೆ ಓಡಿ ಬಿಲದೊಳಗೆ ಮಾಯವಾಗುತ್ತದೆ. ಆ ಓಟವನ್ನು ನೋಡಿ ನಗದವರಿಲ್ಲ. ಒಳಗೆ ಹಸಿದ ಮರಿಯಿದೆಯೆಂದು ನೆನೆದಾಗ ನಗೆ ಸ್ವಲ್ಪ ತಗ್ಗುತ್ತದೆ.

ಇನ್ನು ಕಾಲದ ವಿಚಾರ. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಅವು ದಡಕ್ಕೆ ಬರುತ್ತವೆ. ಮೊಟ್ಟೆಗೆ ಸುಮಾರು ನಲವತ್ತು ದಿನ ಕಾವು, ಮರಿಗೆ ಇನ್ನೂ ಆರು ವಾರಗಳ ಆರೈಕೆ. ಮೇ ತಿಂಗಳಿನಲ್ಲಿ ಒಂದು ಹಕ್ಕಿ ಬಿಲದೊಳಗೆ ಕಾವಿಗೆ ಕುಳಿತಿರುವುದರಿಂದ ಹೊರಗೆ ಕಾಣುವುದು ಕಡಿಮೆ. ಆದರೆ ಸ್ಕೋಮರಿನ ಇಳಿಜಾರುಗಳೆಲ್ಲ ನೀಲಿ ಹೂಗಳಿಂದ ತುಂಬಿರುತ್ತವೆ. ಮೀನು ಹೊತ್ತು ತರುವ ಸಡಗರವನ್ನು ಕಾಣಬೇಕಾದರೆ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಹೋಗಬೇಕು. ಜುಲೈ ಮುಗಿಯುವಾಗ ಎಲ್ಲ ಖಾಲಿ. ಆಗಸ್ಟಿನಲ್ಲಿ ಶಾಲೆಗಳ ರಜೆಯೆಂದು ಮೊಮ್ಮಕ್ಕಳನ್ನು ಕರೆದೊಯ್ದರೆ ಬಿಲಗಳನ್ನು ಮಾತ್ರ ತೋರಿಸಿ ತರಬೇಕಾದೀತು. ದಿನದಲ್ಲಿಯೂ ನಡುಹಗಲಿಗಿಂತ ಸಂಜೆ ಉತ್ತಮ. ಕಡಲಿನಿಂದ ಹಿಂದಿರುಗಿದ ಹಕ್ಕಿಗಳು ಆಗ ಬಿಲದ ಬಾಗಿಲಲ್ಲಿ ನಿಂತು ಕೊಕ್ಕಿಗೆ ಕೊಕ್ಕು ತಾಗಿಸುತ್ತ ಹರಟೆಗೆ ತೊಡಗುತ್ತವೆ. ದಿನದ ದೋಣಿಗಳು ಅದಕ್ಕೆ ಮೊದಲೇ ಹೊರಡುವುದೊಂದು ಕೊರತೆ. ದ್ವೀಪದ ಹಳೆಯ ಹೊಲಮನೆಯಲ್ಲಿ ಕೆಲವರಿಗಷ್ಟೇ ರಾತ್ರಿ ತಂಗಲು ಸ್ಥಳವಿದೆ.

ಮೆಟ್ಟಿಲೇರಲಾರದವರು ನಿರಾಶರಾಗಬೇಕಿಲ್ಲ. ಯಾರ್ಕ್‌ಷೈರಿನ ಬೆಂಪ್ಟನ್ ಬಂಡೆಗಳಿಗೆ ದೋಣಿ ಬೇಡ. ಅಲ್ಲಿ ಪಫಿನ್ ಕಡಿಮೆ, ಉಳಿದ ಕಡಲಹಕ್ಕಿಗಳು ಅಸಂಖ್ಯ. ಶೆಟ್ಲೆಂಡಿನ ಸಂಬರ್ಗ್ ಭೂಶಿರದಲ್ಲಿ ಮೋಟಾರಿನಿಂದಿಳಿದು ದೀಪಸ್ತಂಭದ ಬಳಿ ನಡೆದರೆ ಸಾಕು. ನಾರ್ತಂಬರ್‌ಲೆಂಡಿನ ಫಾರ್ನ್ ದ್ವೀಪಗಳಲ್ಲಿ 2024ರ ಎಣಿಕೆಯಂತೆ ಸುಮಾರು 50,000 ಜೋಡಿಗಳಿವೆ. ಹಕ್ಕಿಜ್ವರದ ಕಾರಣ 2022ರ ಜುಲೈನಿಂದ ಅಲ್ಲಿ ಯಾರನ್ನೂ ಇಳಿಯಗೊಡದೆ, 2024ರಲ್ಲಿ ಮತ್ತೆ ತೆರೆದರು. ಅಲ್ಲಿಗೆ ಹೋಗುವವರು ತಲೆಗೆ ಟೋಪಿ ಹಾಕಿಕೊಳ್ಳಲಿ. ದಾರಿಯ ಬದಿಯಲ್ಲೇ ಗೂಡುಕಟ್ಟುವ ಟರ್ನ್ ಹಕ್ಕಿಗಳು ನೆತ್ತಿಯನ್ನು ಕುಕ್ಕುತ್ತವೆ.

ಸ್ಕೋಮರಿನಲ್ಲಿ 2025ರಲ್ಲಿ 43,626 ಪಫಿನ್‌ಗಳನ್ನು ಎಣಿಸಿದರು. ಅಲ್ಲಿಯವರೆಗೆ ಅಷ್ಟು ಯಾವ ವರ್ಷವೂ ಸಿಕ್ಕಿರಲಿಲ್ಲ. ಈ ಲೆಕ್ಕವನ್ನು ಕೇಳಿ ಎಲ್ಲ ಕಡೆಯೂ ಕ್ಷೇಮವೆಂದು ಭಾವಿಸಲಾಗದು. ಲೋಕದ ಅಟ್ಲಾಂಟಿಕ್ ಪಫಿನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಐಸ್‌ಲೆಂಡಿನಲ್ಲಿ. ಅಲ್ಲಿ ಅವು ಬಹಳವಾಗಿ ಕುಗ್ಗಿವೆ. 2015ರಿಂದ ಇದು ಅಪಾಯದಲ್ಲಿರುವ ಪಕ್ಷಿಗಳ ಜಾಗತಿಕ ಪಟ್ಟಿಯಲ್ಲಿದೆ. ಸ್ಕೋಮರಿನ ಭಾಗ್ಯಕ್ಕೆ ಒಂದು ಕಾರಣ, ಅಲ್ಲಿ ಇಲಿ ಸೇರದಿರುವುದು. ಅದೇ ಕಡಲಿನ ದಕ್ಷಿಣಕ್ಕಿರುವ ಲಂಡಿ ದ್ವೀಪದ ಹೆಸರಿಗೇ ಹಳೆಯ ನಾರ್ಸ್ ಭಾಷೆಯಲ್ಲಿ ಪಫಿನ್ ದ್ವೀಪವೆಂದು ಅರ್ಥ. ಹಡಗುಗಳೊಡನೆ ಬಂದ ಇಲಿಗಳು ಮೊಟ್ಟೆಮರಿಗಳನ್ನು ತಿಂದು, 2001ರ ವೇಳೆಗೆ ಅಲ್ಲಿ ಬೆರಳೆಣಿಕೆಯ ಹಕ್ಕಿಗಳಷ್ಟೇ ಉಳಿದಿದ್ದವು. ಇಲಿಗಳನ್ನು ನಿರ್ಮೂಲ ಮಾಡಿದ ಮೇಲೆ ಈಗ ಸಾವಿರಕ್ಕೂ ಹೆಚ್ಚಿವೆ.

ಇಲಿಯನ್ನು ಓಡಿಸಬಹುದು, ಕಡಲನ್ನು ತಿದ್ದುವುದು ಅಷ್ಟು ಸುಲಭವಲ್ಲ. ಪಫಿನ್ ಮರಿಯ ಮುಖ್ಯ ಆಹಾರ ಮರಳಿನಲ್ಲಿ ಹುದುಗಿ ಬಾಳುವ ಸ್ಯಾಂಡ್ ಈಲ್ ಎಂಬ ಬೆರಳುದ್ದದ ಮೀನು. ಕಡಲು ಬಿಸಿಯಾದಂತೆ ಅದು ಕಡಿಮೆಯಾಗುತ್ತಿದೆ. ಸಾಲದುದಕ್ಕೆ ಉತ್ತರ ಸಮುದ್ರದಲ್ಲಿ ದೊಡ್ಡ ಹಡಗುಗಳು, ಹೆಚ್ಚಾಗಿ ಡೆನ್ಮಾರ್ಕಿನವು, ಅದನ್ನು ರಾಶಿರಾಶಿಯಾಗಿ ಹಿಡಿದು ಎಣ್ಣೆ ತೆಗೆದು, ಪಶುಗಳ ಮೇವಿಗೆ ಹಿಟ್ಟು ಮಾಡುತ್ತಿದ್ದವು. ಬೂತಾಯಿಯ ಎಣ್ಣೆ, ಮೀನುಹಿಟ್ಟುಗಳ ಕಾರ್ಖಾನೆಗಳನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಈ ವ್ಯಾಪಾರವನ್ನು ವಿವರಿಸಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಬ್ರಿಟನ್ ತನ್ನ ಪಾಲಿನ ಉತ್ತರ ಸಮುದ್ರದಲ್ಲಿ ಈ ಮೀನುಗಾರಿಕೆಯನ್ನು ನಿಲ್ಲಿಸಿತು. ಐರೋಪ್ಯ ಒಕ್ಕೂಟ ವ್ಯಾಜ್ಯ ಹೂಡಿತು. 2025ರಲ್ಲಿ ಮಧ್ಯಸ್ಥ ನ್ಯಾಯಮಂಡಳಿಯು ಇಂಗ್ಲೆಂಡಿನ ನಿರ್ಧಾರದ ಕ್ರಮದಲ್ಲಿ ಲೋಪವನ್ನು ತೋರಿಸಿತಾದರೂ ಅದರ ಹಿಂದಿನ ವೈಜ್ಞಾನಿಕ ಆಧಾರವನ್ನು ಒಪ್ಪಿತು. ಮೀನುಗಾರನ ಅನ್ನವೂ ದೊಡ್ಡದೇ. ಆದರೆ ಹಂದಿಯ ಮೇವಿಗೆ ಬೇರೆ ದಾರಿಯುಂಟು, ಬಿಲದೊಳಗಿನ ಮರಿಗೆ ಇಲ್ಲವೆಂದು ನಮ್ಮ ಅಭಿಪ್ರಾಯ.

ಮರಿಯ ಕಥೆಯನ್ನು ಹೇಳದೆ ಬಿಡಲಾಗದು. ಅದು ರಾತ್ರಿಯ ಕತ್ತಲಲ್ಲಿ ಒಂಟಿಯಾಗಿ, ತಂದೆತಾಯಿಗಳ ಜತೆಯಿಲ್ಲದೆ, ಕಡಲಿಗೆ ಹೊರಡುತ್ತದೆ. ಐಸ್‌ಲೆಂಡಿನ ವೆಸ್ಟ್‌ಮನ್ ದ್ವೀಪಗಳಲ್ಲಿ ಊರಿನ ದೀಪಗಳಿಂದ ದಾರಿತಪ್ಪಿ ಬೀದಿಗಳಲ್ಲಿ ಬೀಳುವ ಮರಿಗಳನ್ನು ಆಗಸ್ಟ್, ಸೆಪ್ಟೆಂಬರಿನ ರಾತ್ರಿಗಳಲ್ಲಿ ಮಕ್ಕಳು ಹುಡುಕಿ, ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಒಯ್ಯುತ್ತಾರೆ. ಮರುದಿನ ದಡಕ್ಕೆ ತಂದು ಎರಡೂ ಕೈಗಳಲ್ಲಿ ಹಿಡಿದು ಕಡಲಿನತ್ತ ತೂರುತ್ತಾರೆ. ಅಲ್ಲಿಂದ ಆ ಮರಿ ಮತ್ತೆ ನೆಲ ಮುಟ್ಟುವುದು ಎರಡು ಮೂರು ವರ್ಷಗಳ ಬಳಿಕ. ಜೋಡಿಗೂಡಿ ಮೊಟ್ಟೆಯಿಡುವುದು ಸುಮಾರು ಐದನೆಯ ವರ್ಷದಲ್ಲಿ.