ಎರಡನೆಯ ಪರದೆ

ಕಾಪಿ ಬರೆಯುವಾಗ ನೀವು ಪಾಠಪುಸ್ತಕವನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ? ಕಾಪಿ ಪುಸ್ತಕದ ಪಕ್ಕದಲ್ಲಿ ಅಲ್ಲವೇ? ಒಂದು ವೇಳೆ ಟೀಚರು, “ಮೇಜಿನ ಮೇಲೆ ಒಂದೇ ಪುಸ್ತಕ ತೆರೆದಿರಬೇಕು. ಒಂದು ಸಾಲು ಓದಿ, ಅದನ್ನು ಮುಚ್ಚಿ, ಆಮೇಲೆ ಕಾಪಿ ಪುಸ್ತಕ ತೆರೆದು ಬರೆಯಿರಿ” ಎಂದರೆ ಹೇಗಿದ್ದೀತು? ಎರಡು ಪುಟ ಮುಗಿಯುವಷ್ಟರಲ್ಲಿ ಸಾಕೋ ಸಾಕು ಎನಿಸುತ್ತದೆ. ಕಳೆದ ಮಳೆಗಾಲದಲ್ಲಿ ನಾನು ಹಾಗೆಯೇ ಬರೆಯುತ್ತಿದ್ದೆ. ಪುಸ್ತಕದಲ್ಲಿ ಅಲ್ಲ, ಕಂಪ್ಯೂಟರಿನಲ್ಲಿ.

ನಮ್ಮ ಮನೆ ಕಾಸರಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆ ಇಲ್ಲಿಗೆ ದೂರವಲ್ಲ. ನನ್ನ ಅಜ್ಜನಿಗೆ ಯಕ್ಷಗಾನ ಎಂದರೆ ಪ್ರಾಣ. ಊರಿನ ಭಾಗವತರೊಬ್ಬರಿಂದ ಪ್ರಸಂಗದ ಪುಸ್ತಕವನ್ನು ಎರವಲು ತಂದು, ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಅದನ್ನು ಪೂರ್ತಿ ನಕಲು ಮಾಡಿಕೊಂಡಿದ್ದರು. ಆ ನಕಲು ನಮ್ಮ ಅಟ್ಟದ ಪೆಟ್ಟಿಗೆಯಲ್ಲಿತ್ತು. ಈಗ ಅದರ ಕಾಗದ ಹಪ್ಪಳದಂತಾಗಿದೆ. ಪುಟ ತಿರುಗಿಸಿದರೆ ಅಂಚು ಪುಡಿಯಾಗಿ ಬೀಳುತ್ತದೆ. ಇನ್ನು ನಾಲ್ಕೈದು ಮಳೆಗಾಲ ಕಳೆದರೆ ಓದಲು ಏನೂ ಉಳಿಯದು. ಅದಕ್ಕಾಗಿ ಅಕ್ಕನ ಮಗಳು ಒಂದೊಂದು ಪುಟವನ್ನೂ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಳು. ಒಟ್ಟು 112 ಫೋಟೋಗಳು. ಅವನ್ನು ನೋಡಿ ಟೈಪು ಮಾಡುವ ಕೆಲಸ ನನ್ನದು.

ಪರದೆ ಒಂದೇ. ಫೋಟೋ ದೊಡ್ಡದು ಮಾಡಿದರೆ ಟೈಪು ಮಾಡುವ ಜಾಗ ಮುಚ್ಚಿಹೋಗುತ್ತದೆ. ಎರಡನ್ನೂ ಅರ್ಧರ್ಧ ಇಟ್ಟರೆ ಅಜ್ಜನ ಅಕ್ಷರ ಸಾಸಿವೆಕಾಳಿನಷ್ಟು ಚಿಕ್ಕದಾಗುತ್ತದೆ. ಹಾಗಾಗಿ ಒಂದು ಸಾಲು ನೋಡುವುದು, ಫೋಟೋ ಮರೆಮಾಡುವುದು, ಟೈಪು ಮಾಡುವುದು, ಮತ್ತೆ ಫೋಟೋ ತೆರೆಯುವುದು. ಇಪ್ಪತ್ತು ಪುಟ ಮುಗಿಸಿ, ಅಚ್ಚು ತೆಗೆದು, ನಮ್ಮ ಅತ್ತೆಗೆ ಕೊಟ್ಟೆ. ಅವರು ಅಜ್ಜನ ಮಗಳು. ವಯಸ್ಸು ಎಂಬತ್ತು ದಾಟಿದೆ. ತೊಡೆಯ ಮೇಲೆ ತಾಳ ಹಾಕುತ್ತಾ ಮೆಲ್ಲಗೆ ಹಾಡತೊಡಗಿದರು. ಹದಿನೆಂಟನೆಯ ಪುಟದಲ್ಲಿ ಕೈ ನಿಂತಿತು.

“ಇಲ್ಲಿ ಒಂದು ಸಾಲು ಇಲ್ಲವಲ್ಲ ಮಾರಾಯ!”

ಹೌದು, ಬಿಟ್ಟುಹೋಗಿತ್ತು. ಮೇಲಿನ ಸಾಲೂ ಕೆಳಗಿನ ಸಾಲೂ ಒಂದೇ ಪದದಿಂದ ಆರಂಭವಾಗುತ್ತಿದ್ದವು. ಫೋಟೋ ಮುಚ್ಚಿ ತೆರೆಯುವ ಗಡಿಬಿಡಿಯಲ್ಲಿ ನನ್ನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿತ್ತು. ನನಗೆ ನಾಚಿಕೆಯಾಯಿತು. ಅತ್ತೆ ಬೈಯಲಿಲ್ಲ. “ಅಪ್ಪ ಎರಡು ಪುಸ್ತಕವನ್ನೂ ಪಕ್ಕಪಕ್ಕದಲ್ಲೇ ಇಟ್ಟುಕೊಂಡು ಬರೆಯುತ್ತಿದ್ದದ್ದು” ಎಂದರು, ಅಷ್ಟೆ.

ಪಕ್ಕಪಕ್ಕ! ಹಾಗಾದರೆ ನನಗೆ ಇನ್ನೊಂದು ಪರದೆ ಬೇಕು. ನೆರೆಮನೆಯವರ ಬಳಿ ಉಪಯೋಗಿಸದ ಒಂದು ಹಳೆಯ ಮಾನಿಟರು ಇತ್ತು. 17 ಇಂಚಿನದು, ಹೆಚ್ಚುಕಡಿಮೆ ಚೌಕಾಕಾರ. ಕೇಳಿದ ಕೂಡಲೇ ಕೊಟ್ಟರು. ಅದನ್ನು ಹೊತ್ತು ತಂದು, ಕಂಪ್ಯೂಟರಿನ ಹಿಂಬದಿಯನ್ನು ನೋಡಿದೆ. ಅಲ್ಲಿ ಚಿತ್ರ ಹೊರಗೆ ಬರುವ ಕಿಂಡಿ ಇದ್ದದ್ದು ಒಂದೇ ಒಂದು. ಅದರಲ್ಲಿ ನನ್ನ ಮಾನಿಟರಿನ ಕೇಬಲು ಆಗಲೇ ಕುಳಿತಿತ್ತು.

ಆ ಕಿಂಡಿಯನ್ನು ನೀವೂ ನೋಡಿರಬಹುದು. ಸಾಮಾನ್ಯವಾಗಿ ನೀಲಿ ಬಣ್ಣದ್ದು. ಮೇಲೆ ಅಗಲ, ಕೆಳಗೆ ಸ್ವಲ್ಪ ಕಿರಿದು. ಅದರ ಹೆಸರು ವಿಜಿಎ. ಐಬಿಎಂ ಕಂಪನಿ 1987ರಲ್ಲಿ ಅದನ್ನು ಹೊರತಂದಿತು. ಸಾಲಿಗೆ ಐದರಂತೆ ಮೂರು ಸಾಲು, ಒಟ್ಟು 15 ರಂಧ್ರಗಳು. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಪಿನ್ನು ಬೇರೆ ಬೇರೆಯಾಗಿ ಇರುತ್ತದೆ. ಕೆಂಪಿನ ಪಿನ್ನು ಬಾಗಿಹೋದರೆ ಪರದೆಯೆಲ್ಲ ನೀಲಿ-ಹಸಿರಾಗಿ ಕಾಣುತ್ತದೆ. ಆದ್ದರಿಂದ ಕೇಬಲನ್ನು ಒತ್ತಿ ತುರುಕಬಾರದು. ಇನ್ನೊಂದು ತಮಾಷೆ. ಅಕ್ಕನ ಮಗಳು ಕೇಬಲಿನ ಪಿನ್ನುಗಳನ್ನು ಎಣಿಸಿ, “ಮಾವ, ಹದಿನಾಲ್ಕೇ ಇದೆ. ಒಂದು ಮುರಿದಿದೆ” ಎಂದಳು. ಮುರಿದದ್ದಲ್ಲ. ಎಷ್ಟೋ ಕೇಬಲುಗಳಲ್ಲಿ ನಡುಸಾಲಿನ ಒಂದು ಪಿನ್ನು ಮೊದಲಿನಿಂದಲೇ ಇರುವುದಿಲ್ಲ.

ಒಂದು ನೀರಿನ ಪೈಪಿಗೆ ಕವಲು ಹಾಕಿ ಎರಡು ನಳ್ಳಿ ಮಾಡುವುದಿಲ್ಲವೇ? ಹಾಗೆಯೇ ಇಲ್ಲಿಯೂ ಮಾಡಿದರಾಯಿತು ಎಂದುಕೊಂಡೆ. ಪೇಟೆಗೆ ಹೋಗಿ ಸ್ಪ್ಲಿಟರ್ ಎಂಬ ಕವಲು ಕೇಬಲನ್ನು ತಂದೆ. ಸಿಕ್ಕಿಸಿದೆ. ಎರಡೂ ಪರದೆಗಳು ಬೆಳಗಿದವು. ನಾನು ಹಿಗ್ಗಿದೆ. ಆದರೆ ಎಡಗಡೆ ಅಜ್ಜನ ಪುಟ ತೆರೆದರೆ ಬಲಗಡೆಯೂ ಅಜ್ಜನ ಪುಟ. ಟೈಪು ಮಾಡುವ ಹಾಳೆ ತೆರೆದರೆ ಎರಡೂ ಕಡೆ ಅದೇ ಹಾಳೆ.

“ನೀರು ಒಂದೇ ಅಲ್ಲವಾ ಮಾವ? ಒಂದು ನಳ್ಳಿಯಲ್ಲಿ ನೀರು, ಇನ್ನೊಂದರಲ್ಲಿ ಹಾಲು ಹೇಗೆ ಬರುತ್ತದೆ?” ಎಂದು ಹುಡುಗಿ ನಕ್ಕಳು.

ಅವಳು ಹೇಳಿದ್ದೇ ಸರಿ. ಆ ಕಿಂಡಿಯಿಂದ ಹೊರಡುವುದು ಒಂದೇ ಚಿತ್ರ. ಕವಲು ಕೇಬಲು ಅದನ್ನೇ ಎರಡು ಕಡೆಗೆ ಹಂಚುತ್ತದೆ, ಹೊಸ ಚಿತ್ರವನ್ನು ಹುಟ್ಟಿಸುವುದಿಲ್ಲ. ತರಗತಿಯಲ್ಲಿ ಟೀಚರ ಲ್ಯಾಪ್‌ಟಾಪಿನಲ್ಲಿ ಕಾಣುವುದೇ ಪ್ರೊಜೆಕ್ಟರಿನಿಂದ ಗೋಡೆಯ ಮೇಲೂ ಕಾಣಬೇಕಾದಾಗ ಒಂದೇ ಚಿತ್ರ ಸಾಕು. ನನಗೆ ಬೇಕಾದದ್ದು ಎರಡು ಬೇರೆ ಚಿತ್ರಗಳು. ಅದಕ್ಕೆ ಚಿತ್ರ ಹೊರಡುವ ಜಾಗವೇ ಇನ್ನೊಂದು ಬೇಕು.

ಕಂಪ್ಯೂಟರ್ ಅಂಗಡಿಯವರು ದಾರಿ ತೋರಿಸಿದರು. ಕಂಪ್ಯೂಟರ್ ಪೆಟ್ಟಿಗೆಯ ಒಳಗೆ ಒಂದು ದೊಡ್ಡ ಹಲಗೆ ಇರುತ್ತದೆ. ಅದನ್ನು ಮದರ್‌ಬೋರ್ಡ್ ಎನ್ನುತ್ತಾರೆ. ಅದರಲ್ಲಿ ಉದ್ದನೆಯ ಒಂದು ಖಾಲಿ ಗಾಡಿ ಇದ್ದರೆ, ಅಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಕೂರಿಸಬಹುದು. ಚಿತ್ರ ತಯಾರಿಸುವುದೇ ಅದರ ಕೆಲಸ. ಅವರ ಬಳಿ ಕಡಿಮೆ ಬೆಲೆಗೆ ಒಂದು ಹಳೆಯ ಕಾರ್ಡು ಸಿಕ್ಕಿತು. ಅದರಲ್ಲಿ ಮೂರು ಕಿಂಡಿಗಳಿದ್ದವು: ನೀಲಿಯ ವಿಜಿಎ, ಅಗಲವಾದ ಬಿಳಿಯ ಡಿವಿಐ, ತೆಳ್ಳಗಿನ ಎಚ್‌ಡಿಎಂಐ. (ಲ್ಯಾಪ್‌ಟಾಪಿನಲ್ಲಿ ಹೀಗೆ ಕಾರ್ಡು ಕೂರಿಸಲು ಸಾಮಾನ್ಯವಾಗಿ ಜಾಗ ಇರುವುದಿಲ್ಲ. ಅದಕ್ಕೆ ಯುಎಸ್‌ಬಿ ಕಿಂಡಿಯಲ್ಲಿ ಸಿಕ್ಕಿಸುವ ಬೇರೆ ಸಾಧನ ಸಿಗುತ್ತದೆ.)

ಪೆಟ್ಟಿಗೆ ಬಿಚ್ಚುವ ಮೊದಲು ಕರೆಂಟಿನ ವಯರನ್ನು ಗೋಡೆಯಿಂದಲೇ ಕಿತ್ತಿಟ್ಟೆ. ನಮ್ಮ ಮೈಯಲ್ಲಿ ಸೇರಿಕೊಂಡ ಸ್ಥಾಯಿ ವಿದ್ಯುತ್ತು ಕಾರ್ಡನ್ನು ಕೆಡಿಸಬಹುದು. ಅದಕ್ಕಾಗಿ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿದೆ. ಕಾರ್ಡು ಟಕ್ಕೆಂದು ಕುಳಿತಿತು. ಇದು ನೀವು ಒಬ್ಬರೇ ಮಾಡುವ ಕೆಲಸವಲ್ಲ, ದೊಡ್ಡವರು ಜೊತೆಗಿರಬೇಕು.

ಕಂಪ್ಯೂಟರನ್ನು ಚಾಲೂ ಮಾಡಿದೆ. ನನ್ನ ಮೊದಲಿನ ಮಾನಿಟರೂ ಕತ್ತಲೆ! ಎದೆ ಧಸಕ್ಕೆಂದಿತು. ಅಜ್ಜನ ಫೋಟೋಗಳೆಲ್ಲ ಅದರೊಳಗೆ ಇದ್ದವು. ಐದು ನಿಮಿಷ ಬೆವರಿದ ಮೇಲೆ ಗೊತ್ತಾಯಿತು: ಹೊಸ ಕಾರ್ಡು ಬಂದ ಕೂಡಲೇ ಎಷ್ಟೋ ಕಂಪ್ಯೂಟರುಗಳು ಹಳೆಯ ಕಿಂಡಿಯನ್ನು ತಾವಾಗಿಯೇ ಮುಚ್ಚಿಬಿಡುತ್ತವೆ. ಕೇಬಲನ್ನು ಕಾರ್ಡಿನ ನೀಲಿ ಕಿಂಡಿಗೆ ಬದಲಾಯಿಸಿದೆ. ಬೆಳಕು ಬಂತು.

ನೆರೆಮನೆಯ ಮಾನಿಟರಿಗೂ ವಿಜಿಎ ಮಾತ್ರ ಗೊತ್ತು. ಕಾರ್ಡಿನಲ್ಲಿ ಉಳಿದಿದ್ದದ್ದು ಡಿವಿಐ ಮತ್ತು ಎಚ್‌ಡಿಎಂಐ. ವಿಜಿಎ ಕೇಬಲಿನಲ್ಲಿ ಚಿತ್ರವು ಏರಿಳಿಯುವ ವಿದ್ಯುತ್ತಿನ ಅಲೆಯಾಗಿ ಹೋಗುತ್ತದೆ. ಎಚ್‌ಡಿಎಂಐ ಕೇಬಲಿನಲ್ಲಿ 0 ಮತ್ತು 1 ಎಂಬ ಅಂಕೆಗಳಾಗಿ ಹೋಗುತ್ತದೆ. ನಡುವೆ ಅನುವಾದ ಮಾಡುವ ಕನ್ವರ್ಟರ್ ಬೇಕು. ಅಂಗಡಿಗೆ ಮತ್ತೆ ಹೋಗಿ, “ವಿಜಿಎ, ಎಚ್‌ಡಿಎಂಐ ಕನ್ವರ್ಟರ್ ಕೊಡಿ” ಎಂದೆ. ಕೊಟ್ಟರು. ಮನೆಗೆ ತಂದು ನೋಡಿದರೆ ಅದರ ಬಾಯಿಗಳು ತಿರುಗುಮುರುಗು. ಅದು ವಿಜಿಎಯಿಂದ ಎಚ್‌ಡಿಎಂಐಗೆ ಬದಲಿಸುವಂಥದ್ದು. ಮಲಯಾಳವನ್ನು ಕನ್ನಡಕ್ಕೆ ತರಬಲ್ಲವರೆಲ್ಲ ಕನ್ನಡವನ್ನು ಮಲಯಾಳಕ್ಕೆ ತರಬಲ್ಲರೇ? ಈ ಕನ್ವರ್ಟರುಗಳೂ ಹಾಗೆಯೇ, ಬರುವ ಬಸ್ಸಿನಲ್ಲಿ ಹೋಗಲಾಗುವುದಿಲ್ಲ. ಅಂಗಡಿಯವರದ್ದೇನೂ ತಪ್ಪಿಲ್ಲ, ಯಾವುದರಿಂದ ಯಾವುದಕ್ಕೆ ಎಂದು ನಾನೇ ಹೇಳಿರಲಿಲ್ಲ. ಅವರು ನಗುತ್ತಲೇ ಬದಲಿಸಿಕೊಟ್ಟರು.

ಈ ಸಲ ಎರಡೂ ಪರದೆ ಬೆಳಗಿದವು. ಸೆಟ್ಟಿಂಗ್ಸಿನಲ್ಲಿ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ, ಎರಡರಲ್ಲೂ ಒಂದೇ ಚಿತ್ರ ಎಂಬುದನ್ನು ತೆಗೆದು, ಎರಡನ್ನೂ ಜೋಡಿಸು ಎಂಬುದನ್ನು ಆರಿಸಿದೆ. ಇನ್ನೊಂದು ಸಣ್ಣ ತೊಡಕು ಉಳಿದಿತ್ತು. ಹಳೆಯ ಮಾನಿಟರನ್ನು ನಾನು ಎಡಗಡೆ ಇಟ್ಟಿದ್ದೆ. ಮೌಸಿನ ಬಾಣವನ್ನು ಎಡಕ್ಕೆ ಎಳೆದರೆ ಅದು ಗೋಡೆಗೆ ತಾಗಿದಂತೆ ನಿಲ್ಲುತ್ತಿತ್ತು. ಬಲಕ್ಕೆ ಎಳೆದರೆ ಎಡಗಡೆಯ ಪರದೆಯಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಹುಡುಗಿ ಬಿದ್ದು ಬಿದ್ದು ನಕ್ಕಳು. ಮಾನಿಟರನ್ನು ನಾವು ಎಲ್ಲಿ ಇಟ್ಟಿದ್ದೇವೆಂದು ಕಂಪ್ಯೂಟರಿಗೆ ಕಾಣುವುದಿಲ್ಲವಲ್ಲ! ಅಲ್ಲಿ 1, 2 ಎಂದು ಬರೆದ ಎರಡು ಚೌಕಗಳಿರುತ್ತವೆ. ಅವನ್ನು ಅವಳೇ ಎಳೆದು ಅದಲು ಬದಲು ಮಾಡಿದಳು.

ಈಗ ಎಡಗಡೆ ಅಜ್ಜನ ಪುಟ, ಬಲಗಡೆ ನನ್ನ ಹಾಳೆ. ಹಳೆಯ ಚೌಕ ಮಾನಿಟರು ಪುಸ್ತಕದ ಪುಟಕ್ಕೆ ಹೊಸದಕ್ಕಿಂತ ಚೆನ್ನಾಗಿ ಹೊಂದಿತು. ಹದಿನೆಂಟನೆಯ ಪುಟದ ಸಾಲನ್ನು ಮೊದಲು ಸೇರಿಸಿದೆ. ಆಮೇಲೆ ಹಿಂದಿನ ಪುಟಗಳನ್ನೆಲ್ಲ ಪಕ್ಕಪಕ್ಕ ಇಟ್ಟು ತಾಳೆ ನೋಡಿದಾಗ ಇನ್ನೂ ಎರಡು ಸಾಲು ಬಿಟ್ಟುಹೋದದ್ದು ಸಿಕ್ಕಿತು. ಅವು ಅತ್ತೆಯ ಕಿವಿಯನ್ನೂ ತಪ್ಪಿಸಿಕೊಂಡಿದ್ದವು. ಇದನ್ನು ಹೇಳಿದಾಗ ಅವರಿಗೆ ನನಗಿಂತ ಹೆಚ್ಚು ನಾಚಿಕೆಯಾಯಿತು.

ನಿನ್ನೆ ಅರುವತ್ತಮೂರನೆಯ ಪುಟಕ್ಕೆ ಬಂದೆವು. ಅಲ್ಲಿ ಹುಳ ತಿಂದು ಕಾಗದದಲ್ಲಿ ಕಡಲೆಕಾಳಿನಷ್ಟು ತೂತಾಗಿದೆ. ಪದ್ಯದ ನಡುವಿನ ಒಂದು ಶಬ್ದವೇ ಇಲ್ಲ. ಅತ್ತೆ ಕುರ್ಚಿ ಎಳೆದುಕೊಂಡು ಎಡಗಡೆಯ ಪರದೆಯ ಮುಂದೆ ಕುಳಿತರು. ಆ ಸಾಲನ್ನು ಮೂರು ಸಲ ಹಾಡಿ ನೋಡಿದರು. ಮೂರು ಸಲವೂ ತೂತಿನ ಹತ್ತಿರ ಬಂದು ನಿಂತರು. “ನಾಳೆ ಬೆಳಿಗ್ಗೆ ನೆನಪಾದೀತು” ಎಂದು ಎದ್ದುಹೋದರು. ಬಲಗಡೆಯ ಪರದೆಯಲ್ಲಿ ನಾನು ಆ ಜಾಗಕ್ಕೆ ನಾಲ್ಕು ಚುಕ್ಕಿ ಇಟ್ಟಿದ್ದೇನೆ.